ಹಳಿ ಚೌಕಟ್ಟಿನ ಸಾಗವಾನಿ, ಹೊಸ ಹೊರಸು: ನಮ್ಮ ಶೆಡ್ಡಿನ್ಯಾಗ ಮಾಡಿದ ಕೆಲಸ

ಕಟಗಿ ಕೆಲಸ ಹವ್ಯಾಸಕ್ಕ ಕಲಿಯೋರಿಗಿ ಎಲ್ಲಾರೂ ಪೈಲಾ ಒಂದು ಸ್ಟೂಲ್ ಮಾಡ್ರಿ, ಇಲ್ಲಾಂದ್ರ ಗ್ವಾಡಿಗಿ ಹಾಕೋ ಶೆಲ್ಫ್ ಮಾಡ್ರಿ ಅಂತಾರ. ಅದೂ ಛಲೋನೇ ಅದ. ಆದ್ರ ಕಲಬುರಗಿ, ಬೀದರ್, ಯಾದಗಿರಿ ಕಡಿ ಇರೋರಿಗಿ ನಾ ಹೇಳೋದು ಬ್ಯಾರೆ, ಪೈಲಾ ಒಂದು ಹೊರಸು (ಹಗ್ಗದ ಮಂಚ) ಮಾಡ್ರಿ. ಮೊಳಿ ಇಲ್ಲ, ಸ್ಕ್ರೂ ಇಲ್ಲ, ಫೆವಿಕಾಲ್ ಇಲ್ಲ. ನಾಕು ಕಾಲು, ಎರಡು ಉದ್ದನ ಪಟ್ಟಿ, ಎರಡು ಗಿಡ್ಡ ಪಟ್ಟಿ, ಮ್ಯಾಲ ಹಗ್ಗ, ಮುಗೀತು. ಒಂದೊಂದು ಕಾಲಿಗಿ ಎರಡೆರಡು ತೂತು ಅಂದ್ರ ಒಟ್ಟು ಎಂಟು ಜೋಡಣಿ, ಎಂಟೂ ಒಂದೇ ನಮೂನಿ, ಒಂದೇ ಕೆಲಸ ತಿರುಗಿ ತಿರುಗಿ ಮಾಡ್ಕೋತ ಕೈಗಿ ತಾನೇ ಹದ ಬರ್ತದ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು, ಅದು ನಮ್ಮ ಹವಾ. ಬ್ಯಾಸಗಿದಾಗ ಇಲ್ಲಿ 43-44 ಡಿಗ್ರಿ ಮುಟ್ಟೋದು ಹೊಸದಲ್ಲ, ಗಾಳಿ ಒಣಗಿ ತುಟಿ ಒಡೀತಾವ, ಆಮ್ಯಾಲ ಜುಲೈ-ಆಗಸ್ಟ್‌ದಾಗ ಅದೇ ಗಾಳಿ ತೇವ ತುಂಬ್ಕೊಂಡು ಬರ್ತದ. ಕಟಗಿ ಇದನ್ನೆಲ್ಲಾ ಕುಡೀತದ, ಬಿಡ್ತದ. ಗಾಳ್ಯಾಗಿನ ತೇವಾಂಶ 30 ಪ್ರತಿಶತ ಇದ್ದಾಗ ಕಟಗಿ ಒಳಗಿನ ನೀರು ಸುಮಾರು 6 ಪ್ರತಿಶತಕ್ಕ ಇಳೀತದ, 80 ಪ್ರತಿಶತ ಆದಾಗ 15-16ಕ್ಕ ಏರ್ತದ. ಅಷ್ಟು ಫರಕಿಗಿ ಮೂರು ಇಂಚಿನ ಸಾಗವಾನಿ ಕಾಲು ಅಡ್ಡಕ್ಕ ಒಂದು ಮಿಲಿಮೀಟರಿಗಿಂತ ಜರಾ ಹೆಚ್ಚೇ ಕುಗ್ತದ-ಹಿಗ್ತದ. ಸಾಗವಾನಿ ಭಾಳ ಕಡಿಮಿ ಅಲುಗಾಡೋ ಕಟಗಿ, ಬ್ಯಾರೆ ಕಟಗಿ ಆದ್ರ ಇನ್ನೂ ಹೆಚ್ಚು. ಉದ್ದಕ್ಕ ಮಾತ್ರ ಕಟಗಿ ಲೆಕ್ಕಕ್ಕ ಹಿಡಿಯೋವಷ್ಟು ಬದಲಾಗಂಗಿಲ್ಲ, ಎಲ್ಲಾ ಅಡ್ಡಕ್ಕೇ. ಮೊಳಿ ಹೊಡದು ಬಿಗಿ ಮಾಡಿದ ಟೇಬಲ್ ಎರಡು ಬ್ಯಾಸಗಿ ಕಳಿಯೋದ್ರೊಳಗ ಕಿರ್ ಕಿರ್ ಅನ್ನೋದು ಇದಕ್ಕೇ. ಹೊರಸಿನ್ಯಾಗ ಕಟಗಿ ಕುಗ್ಗಿದ್ರ ಹಗ್ಗ ಬಿಗಿದ್ರ ಆತು, ಕೂಡಿದ್ದ ಜಾಗ ಮತ್ತ ಕೂಡ್ತದ. ನಮ್ಮ ಹಿರ್ಯಾರು ಈ ಹವಾಕ್ಕ ತಕ್ಕಂಗ ಮಾಡಿದ ಸಾಮಾನು ಅದು.

ಹೆಂಗ ಬಿಗಿ ಆಗ್ತದ ಅನ್ನೋದು ಪೈಲಾ ತಿಳ್ಕೋಬೇಕು, ಯಾಕಂದ್ರ ಮುಂದಿನ ಅಳತಿ ಎಲ್ಲಾ ಅದ್ರ ಮ್ಯಾಲೇ ನಿಂತದ. ಅಡ್ಡಕ್ಕ ಹೋಗೋ ಹಗ್ಗ ಎರಡೂ ಉದ್ದನ ಪಟ್ಟಿಗಳನ್ನ ಒಳಗ ಜಗ್ತದ, ಪಟ್ಟಿ ಸಂಗಟ ಕಾಲೂ ಒಳಗ ಬರಾಕ ನೋಡ್ತಾವ, ನಡುವ ಇರೋ ಗಿಡ್ಡ ಪಟ್ಟಿ ಅವನ್ನ ತಡೀತದ. ಅಂದ್ರ ಗಿಡ್ಡ ಪಟ್ಟಿಯ ಭುಜ (ತೂತಿನೊಳಗ ಹೋಗೋ ಸಣ್ಣ ತುದಿ ಶುರು ಆಗೋ ಕಡಿ ಹೊರಗ ಉಳಿಯೋ ಮೆಟ್ಟಲು) ಕಾಲಿಗಿ ಒತ್ತಿ ಕುಂದರ್ತದ. ಉದ್ದಕ್ಕ ಹೋಗೋ ಹಗ್ಗ ಇದೇ ಕೆಲಸ ಇನ್ನೊಂದು ಕಡಿ ಮಾಡ್ತದ. ಹಿಂಗಾಗಿ ಮಂದಿ ಕುಂತಷ್ಟೂ ಜೋಡಣಿ ಒಳಕ್ಕೇ ಒತ್ತತಾವ, ಹೊರಗ ಬಿಚ್ಕೊಂಡು ಬರಂಗಿಲ್ಲ. ಭುಜ ಸರಿಯಾಗಿ ಗುನ್ಯಾಕ್ಕ (90 ಡಿಗ್ರಿ ಮೂಲಿಗಿ) ಕೂಡ್ಬೇಕು ಅಷ್ಟೇ, ಅದೊಂದು ಸರಿ ಇದ್ರ ಒಳಗಿನ ತೂತು ಜರಾ ಸಡ್ಲಿದ್ರೂ ಹೊರಸು ಅಲುಗಾಡಂಗಿಲ್ಲ. ಕಲಿಯೋರಿಗಿ ಇದಕ್ಕಿಂತ ಛಲೋ ಕೆಲಸ ಯಾವ್ದದ ಹೇಳ್ರಿ.

ಜಾಗದ ಮಾತು ಜಲ್ದಿ ಮುಗಿಸ್ತೀನಿ. ನಮ್ಮ ಮನಿ ಮಗ್ಗಲ ಕಾರ್ ನಿಲ್ಸೋ ಶೆಡ್ ಅದ, ಮ್ಯಾಲ ಪತ್ರಾಸ್, ತೆಳಗ ಶಹಾಬಾದ್ ಕಲ್ಲು ಹಾಸಿದ್ದು. ಕಾರ್ ಹೊರಗ ಬೇವಿನ ಗಿಡದ ನೆಳ್ಳಿಗಿ ಹೋತು. ಏಪ್ರಿಲ್-ಮೇದಾಗ ನಮ್ಮ ಭಾಗದ ಸರ್ಕಾರಿ ಆಫೀಸು ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ ಇರ್ತಾವ, ನಂಗ ಟೈಮ್ ಸಿಗೋದು ಮಧ್ಯಾಹ್ನ, ಆದ್ರ ಆ ಹೊತ್ತಿಗಿ ಪತ್ರಾಸ್ ತೆಳಗ ನಿಲ್ಲಾಕ ಆಗಂಗಿಲ್ಲ, ಕಬ್ಬಣದ ರಂದಾ ಬಿಸಲಿಗಿ ಇಟ್ರ ಕೈ ಸುಡ್ತದ. ಹಂಗಾಗಿ ಕೆಲಸ ಎಲ್ಲಾ ಸಂಜಿ ಆರರ ಮ್ಯಾಲ, ಇಲ್ಲಾ ಬೆಳಕಾಗೋ ಹೊತ್ತಿಗಿ. ಮಷೀನ್ ಭಾಳ ಇಲ್ಲ, ಒಂದು ಡ್ರಿಲ್ ಮಷೀನ್, ಉಳಿದದ್ದು ಕೈಲೆ ಮಾಡೋ ಸಾಮಾನು: ಗರಗಸ, ರಂದಾ, ಮೂರು ಉಳಿ, ಜಾಲಿ ಕಟಗಿ ಕೊಡತಿ, ಗುನ್ಯಾ, ಗೆರಿ ಎಳಿಯೋ ಗೇಜ್. ಬೆಂಚ್ ಇಲ್ಲ. ನಮ್ಮ ಕಡಿ ಬಡಿಗೇರರು ನೆಲದ ಮ್ಯಾಲ ಕುಂತು ಕಾಲಿಲೆ ಕಟಗಿ ಹಿಡ್ಕೊಂಡು ಕೆಲಸ ಮಾಡ್ತಾರ, ನಂಗ ಬೆನ್ನು ಹಿಡೀತದ, ಅದಕ್ಕ ಮೊಣಕಾಲು ಎತ್ತರದ ದಪ್ಪ ತೊಲಿ ಒಂದು ಎರಡು ಕಲ್ಲಿನ ಮ್ಯಾಲ ಇಟ್ಕೊಂಡೀನಿ, ಅದ್ರ ಮ್ಯಾಲ ಕುಂತೇ ಕೆಲಸ.

ಕಟಗಿ ಎಲ್ಲಿಂದ ತಂದೆ ಅಂತ ಭಾಳ ಮಂದಿ ಕೇಳ್ತಾರ. ಜೇವರ್ಗಿ ಕಡಿ ಹಳ್ಳ್ಯಾಗ ಸೋದರಮಾವ ಹಳಿ ಮನಿ ಕೆಡವಿ ಹೊಸದು ಕಟ್ಟಿಸ್ಲತ್ತಿದ್ರು, ಬಾಗಲ ಚೌಕಟ್ಟು ಎರಡು ಅಂಗಳದಾಗ ಬಿದ್ದಿದ್ವು, ಸಾಗವಾನಿ, ಮೂರು ಇಂಚು ದಪ್ಪ ಐದು ಇಂಚು ಅಗಲ. "ಒಲಿಗಿ ಹಾಕ್ಬೇಕು ಅಂತ ಇಟ್ಟೀನಿ ಅಳಿಯಾ, ಒಯ್ತೀ ಅಂದ್ರ ಒಯ್ಯಿ" ಅಂದ್ರು. ಅಂಥಾ ಕಟಗಿ ಈಗ ಸಾ ಮಿಲ್ಲಿನ್ಯಾಗ ರೊಕ್ಕ ಕೊಟ್ರೂ ಸಿಗಂಗಿಲ್ಲ. ಹೊಸಾದು ಘನ ಅಡಿ ಲೆಕ್ಕದಾಗ ಮಾರ್ತಾರ, ಎಷ್ಟೋ ಸಲ ಪೂರ್ತಿ ಒಣಗಿರಂಗಿಲ್ಲ, ಎಳೀ ಗಿಡದ್ದು ಇರ್ತದ. ನಮ್ಮ ಕಲಬುರಗಿ ಜಿಲ್ಲಾದಾಗ ಅಡವಿ ಅನ್ನೋದೇ ಚಿಂಚೋಳಿ ಕಡಿ, ಅದೂ 2011ರಾಗ ವನ್ಯಜೀವಿ ಧಾಮ ಆಗ್ಯಾದ, ಅಲ್ಲಿಂದ ಒಂದು ಟೊಂಗಿ ತರೋ ಮಾತೂ ಇಲ್ಲ, ತರಲೂಬಾರ್ದು. ಕೆಡವಿದ ಮನಿ ಕಟಗಿನೇ ನಮ್ಮ ಹವ್ಯಾಸಕ್ಕ ಸರಿಯಾದ ದಾರಿ ಅಂತ ನಂಗ ಅನಸ್ತದ. ಅದು ಎಷ್ಟೋ ಬ್ಯಾಸಗಿ, ಎಷ್ಟೋ ಮಳಿಗಾಲ ಕಂಡು ಕುಗ್ಗಬೇಕಾದಷ್ಟು ಕುಗ್ಗಿ, ತಿರುಚಬೇಕಾದಷ್ಟು ತಿರುಚಿ ಮುಗಿಸಿರ್ತದ. ಬೀದರ್ ಕೋಟ್ಯಾಗ ರಂಗೀನ್ ಮಹಲಿನ ಕೆತ್ತನಿ ಕಂಬ ನೋಡಿದೋರಿಗಿ ಗೊತ್ತು, ಮ್ಯಾಲ ಛಾವಣಿ ಇದ್ದು ಬುಡಕ್ಕ ನೀರು ನಿಲ್ಲದಂಗ ಇದ್ರ ಕಟಗಿ ನೂರಾರು ವರ್ಷ ಬಾಳ್ತದ, ಬರೀದ್ ಶಾಹಿ ಕಾಲದ ಆ ಕಂಬ ಇವತ್ತೂ ನಿಂತಾವ.

ಎಷ್ಟು ಕಟಗಿ ಬೇಕು ಅಂದ್ರ, ಕಾಲು 3 ಇಂಚು ಚೌಕ, 18 ಇಂಚು ಎತ್ತರ, ನಾಕು. ಪಟ್ಟಿ ಎಲ್ಲಾ ಎರಡೂವರಿ ಇಂಚು ಚೌಕ. ಉದ್ದನ ಪಟ್ಟಿ ತುದಿಯಿಂದ ತುದಿಗಿ 78 ಇಂಚು, ಗಿಡ್ಡ ಪಟ್ಟಿ 42 ಇಂಚು. ಎರಡೂ ತುದಿಗಿ 3 ಇಂಚು ಕಾಲಿನೊಳಗ ಹೋಗ್ತದ, ಉಳಿಯೋದು ಕಾಲಿನ ನಡುವ ಸರಿಯಾಗಿ 6 ಅಡಿ, 3 ಅಡಿ. ಎಲ್ಲಾ ಕೂಡಿ ಒಂದೂಕಾಲು ಘನ ಅಡಿ, ಹಾಳಾಗೋದು ಹಿಡದು ಒಂದೂವರಿ ಇಟ್ಕೋರಿ.

ಹಳಿ ಕಟಗಿಯ ತ್ರಾಸು ಅಂದ್ರ ಮೊಳಿ. ಚೌಕಟ್ಟಿಗಿ ತೋರಣದ ಮೊಳಿ, ಕೊಂಡಿ ಮೊಳಿ, ಯಾವ್ದೋ ಕಾಲದ ಕರೆಂಟ್ ವೈರಿನ ಕ್ಲಿಪ್ ಮೊಳಿ, ಮ್ಯಾಲ ಆಯಿಲ್ ಪೇಂಟಿನ ಪದರು, ಏನೂ ಕಾಣಂಗಿಲ್ಲ. ಒಂದು ಮೊಳಿ ಸಿಕ್ರ ರಂದಾದ ಬ್ಲೇಡಿಗಿ ಹಲ್ಲು ಬೀಳ್ತದ. ಹಳಿ ಸ್ಪೀಕರಿನ ಮ್ಯಾಗ್ನೆಟ್ ಬಿಚ್ಚಿ ದಾರಕ್ಕ ಕಟ್ಟಿ ಕಟಗಿ ಮ್ಯಾಲ ಇಂಚಿಂಚು ಓಡಾಡ್ಸಿದೆ, ದಾರ ಎಲ್ಲಿ ವಾಲ್ತದ ಅಲ್ಲಿ ಚಾಕ್‌ಪೀಸಿನ ಗುರುತು. ಮೊಳಿ ತಲಿ ಸಿಗದ ಕಡಿ ಸುತ್ತ ಸಣ್ಣ ಡ್ರಿಲ್ ಹೊಡದು ಪಕ್ಕಡಲೆ ಹಿಡದು ಜಗ್ಗಬೇಕು. ಸಾಗವಾನಿದಾಗ ಮೊಳಿ ಸುತ್ತ ಕಟಗಿ ಕಪ್ಪಾಗಿರ್ತದ, ಅದು ಕೊಳತದ್ದಲ್ಲ, ಕಬ್ಬಣದ ತುಕ್ಕು ಕಟಗಿಯೊಳಗಿನ ಒಗರಿಗಿ ಕೂಡಿ ಆಗೋ ಬಣ್ಣ, ಗಟ್ಟಿ ಇದ್ರ ಬಿಟ್ಬಿಡ್ರಿ. ಪೇಂಟ್ ತೆಗಿಯೋವಾಗ ಮಾತ್ರ ಹುಷಾರ್, ಹಳಿ ಪೇಂಟಿನ್ಯಾಗ ಸೀಸ ಇರ್ತದ, ಅದನ್ನ ಉಜ್ಜಿ ಧೂಳು ಮಾಡಬಾರ್ದು, ಕೆರದು ಚೂರು ಮಾಡಿ ಹಾಳಿ ಮ್ಯಾಲ ಕೂಡ್ಸಿ ಕಟ್ಟಿಡಬೇಕು, ಮಕ್ಕಳಿದ್ದ ಮನ್ಯಾಗ ಅಂತೂ ಅಂಗಳದಾಗ ಬ್ಯಾಡೇ ಬ್ಯಾಡ. ಸಾಗವಾನಿ ಧೂಳೂ ಮೂಗಿಗಿ, ಚರ್ಮಕ್ಕ ಕಡತ ತರ್ತದ, ಮಾಸ್ಕ್ ಇರ್ಲಿ.

ಚೌಕಟ್ಟಿನ ತಳಕ್ಕ, ನೆಲಕ್ಕ ತಾಗಿದ್ದ ಕಡಿ, ಒಂದು ಗೇಣಿನಷ್ಟು ಒರಲಿ ತಿಂದಿತ್ತು. ಅದೂ ಮ್ಯಾಲಿನ ಬಿಳಿ ಕಟಗಿ ಅಷ್ಟೇ, ನಡುವಿನ ಕೆಂಪು ಕಟಗಿ ಮುಟ್ಟಿಲ್ಲ. ಕಡದು ತೆಗದೆ.

ಈಗ ಸಾಣಿ. ಕಟಗಿ ಕೆಲಸದಾಗ ಇದಕ್ಕಿಂತ ಮುಖ್ಯ ಮಾತು ಇಲ್ಲ ಅಂತ ನಾ ಗಟ್ಟಿಯಾಗಿ ಹೇಳ್ತೀನಿ, ರೊಕ್ಕ ಸುರದು ಮಷೀನ್ ತರೋಕ್ಕಿಂತ ಮೊದ್ಲ ಉಳಿ ಹರಿತ ಮಾಡೋದು ಕಲೀರಿ. ಅಂಗಡ್ಯಾಗ ತಂದ ಹೊಸ ಉಳಿ ಹರಿತ ಇರಂಗಿಲ್ಲ, ಅದ್ರ ಬೆನ್ನೂ ಸಪಾಟ ಇರಂಗಿಲ್ಲ. ನಾ ಮಾಡೋದು ಹಿಂಗ: ಶಹಾಬಾದ್ ಕಲ್ಲಿನ ಮ್ಯಾಲ ದಪ್ಪ ಗಾಜಿನ ತುಂಡು, ಗಾಜಿನ ಮ್ಯಾಲ ನೀರು ಹಾಕಿ ಅಂಟಿಸಿದ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಪಾಲಿಶ್ ಪೇಪರ್), ನಂಬರ್ 220, 400, 1000, ಕಡಿಗಿ 2000. ಕಲ್ಲು ಪಾಲಿಶ್ ಆಗಿದ್ರೂ ಪೂರ್ತಿ ಸಪಾಟ ಇರಂಗಿಲ್ಲ, ಗಾಜು ಇರ್ತದ, ಅದಕ್ಕೇ ಗಾಜು. ಪೈಲಾ ಉಳಿಯ ಬೆನ್ನು, ತುದಿಯಿಂದ ಒಂದು ಇಂಚು, ಕನ್ನಡಿಯಂಗ ಆಗೋ ತನಕ. ಅದು ಉಳಿಯ ಜನ್ಮಕ್ಕ ಒಂದೇ ಸಲ ಮಾಡೋ ಕೆಲಸ. ಆಮ್ಯಾಲ ಮುಂದಿನ ಇಳಿಜಾರು 25 ಡಿಗ್ರಿ, ತುದಿಗಿ ಮಾತ್ರ ಕೂದಲೆಳಿಯಷ್ಟು 30 ಡಿಗ್ರಿ. ತುದಿಗಿ ಬಿಡಿ (ಕಬ್ಬಣದ ಸಣ್ಣ ಸಿಗರು) ಎದ್ದಿದ್ದು ಬೆರಳಿಗಿ ತಾಗ್ಬೇಕು, ಎದ್ದ ಮ್ಯಾಲ ಬೆನ್ನು ಒಂದೆರಡು ಸಲ ಎಳದು ಅದನ್ನ ಉದರಿಸ್ಬೇಕು, ಹಳಿ ಚರ್ಮದ ಬೆಲ್ಟಿನ ಮ್ಯಾಲ ಹಿಂದಕ್ಕ ಎಳದ್ರ ಮುಗೀತು. ಸಾಗವಾನಿಯೊಳಗ ಸಣ್ಣ ಮಳಲಿನಂಥಾ ಸಿಲಿಕಾ ಇರ್ತದ, ಸಾಣಿ ಜಲ್ದಿ ಹೋಗ್ತದ, ಹಂಗಾಗಿ ಗಾಜು ಪೇಪರ್ ಎತ್ತಿಡೋದೇ ಬ್ಯಾಡ, ಮಗ್ಗಲೇ ಇರ್ಲಿ.

ನಮ್ಮ ಓಣ್ಯಾಗ ಒಬ್ರು ಬಡಿಗೇರ ಕಾಕಾ ಇದ್ದಾರ, ವಯಸ್ಸಾಗ್ಯಾದ, ಕೆಲಸ ಬಿಟ್ಟಾರ, ಸಂಜಿ ಹೊತ್ತು ಬಂದು ಶೆಡ್ಡಿನ ಬಾಗಲದಾಗ ಕುಂದರ್ತಾರ. ನಾ ತೂತು ಹೊಡಿಯೋದು ನೋಡಿ ಒಂದಿನ ಎದ್ದು ಬಂದು ಉಳಿ ಇಸ್ಕೊಂಡ್ರು. "ತಮ್ಮಾ, ಉಳಿ ದೂಡಬ್ಯಾಡ, ಅದು ತಾನೇ ಹೋಗ್ಬೇಕು. ಹೋಗವಲ್ದು ಅಂದ್ರ ಸಾಣಿಲ್ಲ ಅಂತ ತಿಳ್ಕೋ. ಮತ್ತ ಗೆರಿ ಮ್ಯಾಲ ಪೈಲಾ ಏಟು ಹೊಡೀಬ್ಯಾಡ, ಗೆರಿ ಒಳಗ ಒಂದು ಸೂತು ಬಿಟ್ಟು ಹೊಡಿ, ಗೆರಿ ಕಡಿಗಿ" ಅಂದ್ರು. ಕಾಕಾ ಅಳತಿ ಎಲ್ಲಾ ಸೂತಿನ್ಯಾಗೇ, ಇಂಚಿಗಿ ಎಂಟು ಸೂತು. ನಾನೂ ಈಗ ಹಂಗೇ ಎಣಸ್ತೀನಿ, ಕೈಕೆಲಸಕ್ಕ ಮಿಲಿಮೀಟರಿಗಿಂತ ಅದೇ ಹಗರ.

ತೂತು ಹೊಡಿಯೋದು ಜರಾ ಬಿಡಿಸಿ ಹೇಳ್ತೀನಿ. ಒಂದೇ ಕಾಲಿಗಿ ಎರಡು ಕಡಿಯಿಂದ ಎರಡು ಪಟ್ಟಿ ಬರ್ತಾವ, ಎರಡೂ ಆರ್‌ಪಾರ್ ಹೋಗ್ಬೇಕು, ಎರಡಕ್ಕೂ ಒಂದೇ ಎತ್ತರದಾಗ ತೂತು ಹೊಡದ್ರ ಒಳಗ ಒಂದಕ್ಕೊಂದು ಡಿಕ್ಕಿ ಹೊಡೀತಾವ. ಅದಕ್ಕ ಉದ್ದನ ಪಟ್ಟಿಯ ಟೆನನ್ (ತೂತಿನೊಳಗ ಹೋಗಾಕ ಸಣ್ಣ ಮಾಡಿದ ತುದಿ) ಮ್ಯಾಲಿನ ಅರ್ಧಕ್ಕ, ಗಿಡ್ಡ ಪಟ್ಟಿಯ ಟೆನನ್ ತೆಳಗಿನ ಅರ್ಧಕ್ಕ. ಪಟ್ಟಿಯ ಮೈ ಹೊರಗಿನಿಂದ ಒಂದೇ ಮಟ್ಟದಾಗ ಕಾಣ್ತದ, ಒಳಗ ಒಂದರ ಮ್ಯಾಲೊಂದು ದಾಟಿ ಹೋಗ್ತಾವ. ಟೆನನ್ ದಪ್ಪ ಆರು ಸೂತು, ಎತ್ತರ ಏಳು ಸೂತು. ಪಟ್ಟಿ ದಪ್ಪದ ಮೂರನೇ ಒಂದು ಭಾಗ ಟೆನನ್ ಇರ್ಬೇಕು ಅನ್ನೋದು ಎಲ್ಲಾ ಕಡಿ ಹೇಳೋ ಲೆಕ್ಕ, ಎರಡೂವರಿ ಇಂಚಿಗಿ ಅದು ಏಳು ಸೂತಿನ ಹತ್ರ ಬರ್ತದ, ನನ್ನ ಉಳಿ ಮುಕ್ಕಾಲು ಇಂಚಿಂದು ಇದ್ದದ್ದಕ್ಕ ದಪ್ಪ ಆರು ಸೂತು ಇಟ್ಟೆ. ಉಳಿ ಅಗಲಕ್ಕ ತಕ್ಕಂಗ ತೂತು ಇಟ್ರ ಕೆಲಸ ಅರ್ಧ ಆಗ್ತದ. ಕಾಲಿನ ತಲಿಯಿಂದ ತೂತಿಗಿ ಎರಡೂವರಿ ಇಂಚಾದ್ರೂ ಕಟಗಿ ಬಿಡಬೇಕು, ಕಡಿಮಿ ಬಿಟ್ರ ಮ್ಯಾಲಿನ ತುಂಡು ಎಳಿ ಉದ್ದಕ್ಕ ಸೀಳಿ ಹೋಗ್ತದ. ಹೊರಸಿನ ಕಾಲು ಪಟ್ಟಿಗಿಂತ ಮ್ಯಾಲ ಎದ್ದಿರೋದು ನೋಡ್ತೀರಲ್ಲ, ಅದು ಬರೀ ಚಂದಕ್ಕಲ್ಲ.

ಗೆರಿ ಪೆನ್ಸಿಲ್ಲಿಲೆ ಬ್ಯಾಡ, ಚಾಕುಲೆ ಎಳೀರಿ. ಕಾಲಿನ ನಾಕೂ ಮೈ ಸುತ್ತ ಗುನ್ಯಾ ಇಟ್ಟು ಎಳದ ಗೆರಿ ಶುರು ಮಾಡಿದ ಜಾಗಕ್ಕೇ ಬಂದು ಕೂಡ್ಬೇಕು. ಕೂಡ್ಲಿಲ್ಲ ಅಂದ್ರ ಕಾಲು ಚೌಕ ಇಲ್ಲ, ಮತ್ತ ರಂದಾ ಹಿಡೀಬೇಕು. ತೂತಿನ ಗುರುತು ಎದುರು-ಬದುರು ಎರಡೂ ಮೈಗಿ ಹಾಕ್ರಿ. ಐದು ಸೂತಿನ ಬಿಟ್ಟಿಲೆ ಡ್ರಿಲ್ ಹೊಡಿಯೋದು ಒಂದು ಕಡಿಯಿಂದ ನಡು ತನಕ, ತಿರುವಿ ಇನ್ನೊಂದು ಕಡಿಯಿಂದ ನಡು ತನಕ. ಒಂದೇ ಕಡಿಯಿಂದ ಪೂರ್ತಿ ಹೊಡದ್ರ ಹಿಂದಿನ ಮೈಯಾಗ ಕಟಗಿ ಸಿಗರು ಎದ್ದು ಕಿತ್ಕೊಂಡು ಬರ್ತದ. ಆಮ್ಯಾಲ ಉಳಿ. ಅದೂ ಎರಡೂ ಕಡಿಯಿಂದ. ಕಟಗಿ ಎಳಿಗಿ ಅಡ್ಡ ಇರೋ ಗ್ವಾಡಿ ಪೈಲಾ ಕಡೀರಿ, ಎಳಿ ಉದ್ದಕ್ಕ ಇರೋ ಗ್ವಾಡಿ ಕಡಿಗಿ, ತೆಳ್ಳಗ ಕೆರೀರಿ, ಅಲ್ಲಿ ಕೊಡತಿ ಬ್ಯಾಡ, ಕೈ ಒತ್ತೇ ಸಾಕು, ಕೊಡತಿ ಹೊಡದ್ರ ಸೀಳ್ತದ. ಹರಿತ ಉಳಿ ಸಾಗವಾನಿ ಕೆರಿಯೋವಾಗ ಬರೋ ಸಪ್ಪಳ ಬ್ಯಾರೇನೇ ಇರ್ತದ, ಸಣ್ಣಗ ಸುಯ್ ಅಂತದ, ಸುರುಳಿ ಹೊಳೀತದ, ಮತ್ತ ಆ ಹಳಿ ಕಟಗಿ ಒಳಗಿನ ಎಣ್ಣಿ ವಾಸನಿ ಬಿಡ್ತದಲ್ಲ, ಎಷ್ಟೋ ವರ್ಷ ಬಾಗಲಾಗಿ ನಿಂತ ಕಟಗಿ ಒಳಗ ಇನ್ನೂ ಅಷ್ಟು ಜೀವ ಅದ ಅಂತ ನಂಗ ಖರೇನೇ ಖುಷಿ ಆತು. ತೂತಿನ ಒಳಗಿನ ಗ್ವಾಡಿ ನಡುವ ಉಬ್ಬಿದೇನು ಅಂತ ಸ್ಟೀಲ್ ಪಟ್ಟಿ ಒಳಗಿಟ್ಟು ನೋಡ್ರಿ. ಉಬ್ಬು ಇದ್ರ ಟೆನನ್ ಅಲ್ಲೇ ಸಿಕ್ಕೊಂಡು ಕಾಲು ಸೀಳ್ತದ. ನಡುವ ಎಳಿಯಷ್ಟು ತಗ್ಗಿದ್ರ ಏನೂ ಆಗಂಗಿಲ್ಲ.

ಟೆನನ್ ಮಾಡೋದು ಇದ್ರ ಮುಂದ ಹಗರ. ಭುಜದ ಗೆರಿ ಚಾಕುಲೆ ಆಳ ಎಳದು, ಗೆರಿ ಮಗ್ಗಲ ಉಳಿಲೆ ಸಣ್ಣ ಓಣಿ ಮಾಡ್ಕೊಂಡ್ರ ಗರಗಸ ತಾನೇ ಅದ್ರಾಗ ಕುಂದರ್ತದ. ಗೆರಿಗಿಂತ ಜರಾ ದಪ್ಪ ಬಿಟ್ಟು ಕೊರದು, ತೂತಿಗಿ ಹಚ್ಚಿ ನೋಡ್ಕೋತ ಉಳಿಲೆ ಕೆರೀಬೇಕು. ಎಲ್ಲಿ ತಿಕ್ತದ ಅನ್ನೋದು ತಿಳೀಲಿಲ್ಲ ಅಂದ್ರ ಟೆನನ್ನಿಗಿ ಪೆನ್ಸಿಲ್ ಬಳದು ಒಳಗ ಹಾಕಿ ತೆಗೀರಿ, ತಿಕ್ಕಿದ ಜಾಗ ಹೊಳೀತದ, ಅಲ್ಲಷ್ಟೇ ಕೆರೀರಿ. ಕೈಲೆ ಅರ್ಧ ಹೋಗ್ಬೇಕು, ಉಳಿದ ಅರ್ಧ ಕೊಡತಿಯ ಹಗರ ಏಟಿಗಿ. ತುದಿಯ ನಾಕೂ ಅಂಚು ಮುರದು ಬಿಡ್ರಿ, ಇಲ್ಲಾಂದ್ರ ಹೊರಗ ಬರೋವಾಗ ಕಾಲಿನ ಮೈ ಕಿತ್ತ್ಕೊಂಡು ಬರ್ತದ. ಯಾವ ಟೆನನ್ ಯಾವ ತೂತಿಂದು ಅಂತ ಗುರುತು ಹಾಕ್ರಿ, ಕಾಕಾ ಉಳಿಲೆ ಒಂದು ಗೀರು, ಎರಡು ಗೀರು, ಮೂರು ಗೀರು ಹಿಂಗ ಕೊಯ್ದು ಇಡ್ತಾರ, ಪೆನ್ಸಿಲ್ ಅಳೀತದ, ಗೀರು ಅಳಿಯಂಗಿಲ್ಲ, ಹತ್ತು ವರ್ಷ ಬಿಟ್ಟು ಬಿಚ್ಚಿದ್ರೂ ಜೋಡ್ಸಾಕ ಬರ್ತದ.

ಒಂದು ಮಾತು ಯಾವ ವಿಡಿಯೋದಾಗೂ ಕಾಣ್ಲಿಲ್ಲ, ಕಾಕಾ ಹೇಳಿದ್ದು. ಚೌಕಟ್ಟಿನ ಒಂದು ಉದ್ದನ ತುಂಡು ಬಿಲ್ಲಿನಂಗ ಬಾಗಿತ್ತು, ಆರು ಅಡಿಗಿ ಮೂರು ಸೂತು. ರಂದಾ ಹೊಡದು ಸಪಾಟ ಮಾಡ್ಲೇನು ಕಾಕಾ ಅಂದೆ. "ಯಾಕ ತೆಗೀತೀ, ಹೊಟ್ಟಿ ಹೊರಗ ಇಟ್ಟು ಜೋಡ್ಸು" ಅಂದ್ರು. ಲೆಕ್ಕ ಹಾಕಿ ನೋಡಿದ್ರ ಖರೇ ಅದ. ಹೊರಸಿನ ಉದ್ದನ ಪಟ್ಟಿ ತೆಳಗ ಬಾಗೋಕ್ಕಿಂತ ಒಳಗೇ ಹೆಚ್ಚು ಬಾಗ್ತದ, ಯಾಕಂದ್ರ ಹಗ್ಗ ಹಗಲು-ರಾತ್ರಿ ಒಳಗ ಜಗ್ತಾನೇ ಇರ್ತದ, ಮಂದಿ ಕುಂದ್ರೋದು ಯಾವಾಗೋ ಒಮ್ಮಿ. ಹೊಟ್ಟಿ ಹೊರಗ ಇದ್ರ ಹಗ್ಗ ಬಿಗಿದಾಗ ಅದು ನೆಟ್ಟಗ ಆಗ್ತದ. ಇದಕ್ಕೇ ಪಟ್ಟಿ ಚೌಕ ಇಟ್ಟದ್ದೂ, ಎತ್ತರ ಹೆಚ್ಚು ದಪ್ಪ ಕಡಿಮಿ ಇರೋ ತೊಲಿ ನಮೂನಿ ಪಟ್ಟಿ ಮನಿ ಛಾವಣಿಗಿ ಛಲೋ, ಹೊರಸಿಗಿ ಅಲ್ಲ. ಇನ್ನೊಂದು ಪಟ್ಟಿ ನೆಟ್ಟಗಿತ್ತು, ಅದನ್ನೂ ಬಾಗ್ಸೋ ಗೋಜಿಗಿ ಹೋಗ್ಲಿಲ್ಲ, ಎರಡೂವರಿ ಇಂಚು ದಪ್ಪದ ಸಾಗವಾನಿ ಅಷ್ಟು ಜಗ್ಗೋದು ತಡೀತದ.

ಪಟ್ಟಿಯ ಅಂಚು ಎಲ್ಲಾ ದುಂಡಗ ಮಾಡ್ಬೇಕು, ಚೂಪು ಅಂಚಿದ್ರ ಹಗ್ಗ ಅಲ್ಲೇ ತಿಕ್ಕಿ ಹರೀತದ. ರಂದಾಲೆ ಮೂಲಿ ತೆಗದು, ಕಾನಸು ಎಳದು, ಮ್ಯಾಲ ಪಾಲಿಶ್ ಪೇಪರ್. ಬೆರಳು ಆಡ್ಸಿದ್ರ ಎಲ್ಲೂ ತಡೀಬಾರ್ದು.

ಪಾಲಿಶಿಗಿ ನಾ ಹಚ್ಚಿದ್ದು ಅಗಸಿ ಎಣ್ಣಿ. ಅಗಸಿ ಹಿಂಡಿ ತಿನ್ನೋ ನಾಡಿನ್ಯಾಗ ಇದ್ದು ಕಟಗಿಗಿ ಪಾಲಿಶ್ ಅಂತ ದೂರದ ಡಬ್ಬಿ ಯಾಕ ಹುಡುಕಬೇಕು. ಗಾಣದ ಹಸಿ ಅಗಸಿ ಎಣ್ಣಿ ಒಣಗಾಕ ವಾರಗಟ್ಟಲೆ ಹಿಡೀತದ, ಹಾರ್ಡ್‌ವೇರ್ ಅಂಗಡ್ಯಾಗ ಸಿಗೋ ಬಾಯ್ಲ್ಡ್ ಲಿನ್‌ಸೀಡ್‌ದಾಗ ಜಲ್ದಿ ಒಣಗೋ ಮದ್ದು ಕೂಡ್ಸಿರ್ತಾರ, ಒಂದೆರಡು ದಿನಕ್ಕ ಒಣಗ್ತದ, ಅದು ತಿನ್ನೋ ಎಣ್ಣಿ ಅಲ್ಲ, ಡಬ್ಬಿ ಅಡಗಿ ಮನಿ ಕಡಿ ಹೋಗಬಾರ್ದು. ಬಟ್ಟಿಲೆ ಹಚ್ಚಿ, ಅರ್ಧ ತಾಸು ಬಿಟ್ಟು, ಕುಡೀದೇ ಉಳಿದದ್ದು ಪೂರ್ತಿ ಒರಸಿ ತೆಗೀಬೇಕು, ಒರಸ್ಲಿಲ್ಲ ಅಂದ್ರ ಅಂಟು ಅಂಟು ಉಳೀತದ. ಮೂರು ಸಲ ಹಚ್ಚೀನಿ, ಕಡಿಗಿ ಜರಾ ಜೇನುಮೇಣ.

ಇಲ್ಲಿ ನಿಂತು ಒಂದು ಮಾತು ಗಟ್ಟಿ ಹೇಳಬೇಕು. ಅಗಸಿ ಎಣ್ಣಿ ಒರಸಿದ ಬಟ್ಟಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ. ಆ ಎಣ್ಣಿ ಒಣಗೋದು ಅಂದ್ರ ಗಾಳ್ಯಾಗಿನ ಆಕ್ಸಿಜನ್ ಹೀರ್ಕೊಂಡು ಗಟ್ಟಿ ಆಗೋದು, ಆವಾಗ ಬಿಸಿ ಹುಟ್ತದ, ಮುದ್ದಿ ಒಳಗ ಆ ಬಿಸಿ ಹೊರಗ ಹೋಗಾಕ ದಾರಿ ಇಲ್ಲದೆ ಕೂಡ್ಕೋತ ಕೂಡ್ಕೋತ ತಾನೇ ಬೆಂಕಿ ಹತ್ತತದ, ಕಡ್ಡಿ ಗೀರೋದು ಬ್ಯಾಡ. ನಮ್ಮ ಮೇ ತಿಂಗಳ ಪತ್ರಾಸ್ ಶೆಡ್ಡಿನ್ಯಾಗ, ಸುತ್ತ ರಂದಾ ಹೊಟ್ಟು ಬಿದ್ದಿರೋ ಕಡಿ, ಇದು ಸಣ್ಣ ಮಾತಲ್ಲ. ಬಟ್ಟಿ ಒಂದೊಂದೇ ಬಿಚ್ಚಿ ಹೊರಗ ತಂತಿಗಿ ಹಾಕ್ರಿ, ಪೂರ್ತಿ ಗಟ್ಟಿ ಆಗೋ ತನಕ ಅಲ್ಲೇ ಇರ್ಲಿ, ಇಲ್ಲಾ ನೀರು ತುಂಬಿದ ಡಬ್ಬಿದಾಗ ಮುಳುಗ್ಸಿ ಇಡ್ರಿ.

ಹಗ್ಗದ ವಿಚಾರಕ್ಕ ಮಾವನ್ನ ಕರಿಸಿದೆ. ಮೊದ್ಲ ಹೊಲದ ಅಂಚಿಗಿ ಪುಂಡಿ ಹಾಕ್ತಿದ್ರು, ಎಳೀ ಎಲಿ ಪಲ್ಯಾಕ್ಕ, ಬಲಿತ ಕಡ್ಡಿ ನೀರಾಗ ನೆನಿ ಹಾಕಿ ನಾರು ಸುಲದು ಹಗ್ಗ ಹೊಸಿಯಾಕ. ಈಗ ಪುಂಡಿ ಪಲ್ಯಾ ಉಳದದ, ಹಗ್ಗ ಹೊಸಿಯೋರು ಕಡಿಮಿ ಆಗ್ಯಾರ, ಅಂಗಡ್ಯಾಗ ಎಲ್ಲಾ ನೈಲಾನ್. ಮಾವನ ಮನ್ಯಾಗ ಪುಂಡಿ ನಾರು ಇತ್ತು, ಅವರೇ ಹಗ್ಗ ಹೊಸ್ಕೊಂಡು ತಂದ್ರು. ನೈಲಾನ್ ಬಾಳಿಕಿ ಬರ್ತದ, ಹುಳ ತಿನ್ನಂಗಿಲ್ಲ, ಖರೇ, ಆದ್ರ ಬ್ಯಾಸಗಿದಾಗ ಮೈಗಿ ಬೆವರು ಅಂಟ್ತದ, ಬಿಸಲಿಗಿ ಬಿದ್ರ ಪುಡಿ ಪುಡಿ ಆಗ್ತದ. ನಾರಿನ ಹಗ್ಗದ ಮ್ಯಾಲ ಅಂಗಳದಾಗ ಮಲಗಿದ್ರ ತೆಳಗಿನಿಂದ ಗಾಳಿ ಆಡ್ತದ, ಅದ್ರ ಸುಖ ಬ್ಯಾರೇ.

ಹೆಣಿಯೋದು ಇಬ್ಬರ ಕೆಲಸ, ಒಬ್ರು ಎಳ್ಯಾಕ, ಒಬ್ರು ಹಿಡಿಯಾಕ. ಕಾಲ ಕಡಿ ಗಿಡ್ಡ ಪಟ್ಟಿಯಿಂದ ಎಂಟು-ಒಂಬತ್ತು ಇಂಚು ಬಿಟ್ಟು ಒಂದು ದಪ್ಪ ಹಗ್ಗ ಅಡ್ಡಕ್ಕ ಕಟ್ಟಿ, ಹೆಣಿಕಿ ಎಲ್ಲಾ ತಲಿ ಕಡಿ ಪಟ್ಟಿಗಿ, ಎರಡು ಮಗ್ಗಲ ಪಟ್ಟಿಗಿ, ಮತ್ತ ಈ ದಪ್ಪ ಹಗ್ಗಕ್ಕ. ಉಳಿದ ಆ ಎಂಟು ಇಂಚಿನ ಖಾಲಿ ಜಾಗದಾಗ ಬಿಗಿಯೋ ಹಗ್ಗ, ದಪ್ಪ ಹಗ್ಗದಿಂದ ಪಟ್ಟಿಗಿ, ಪಟ್ಟಿಯಿಂದ ದಪ್ಪ ಹಗ್ಗಕ್ಕ, ಹಿಂಗ ತಿರುಗಿ ತಿರುಗಿ. ಹೊರಸು ಸಡಲ ಆದಾಗ ಇಡೀ ಹೆಣಿಕಿ ಬಿಚ್ಚೋದು ಬ್ಯಾಡ, ಈ ಒಂದು ಹಗ್ಗ ಜಗ್ಗಿದ್ರ ಸಾಕು. ಮಾವ ಎರಡೆರಡು ಎಳಿ ಎತ್ತಿ ಎರಡೆರಡು ಎಳಿ ಬಿಟ್ಟು ಹೆಣದ್ರು, ಕೈ ಎಷ್ಟು ಜೋರು ಓಡ್ತದ ಅಂದ್ರ ನಾ ನೋಡ್ಕೋತ ಎಣಸಾಕ ಆಗ್ಲಿಲ್ಲ, ಅರ್ಧದಾಗ ನಿಲ್ಲಿಸಿ ಫೋಟೋ ಹೊಡಕೊಂಡೆ. ಅಡ್ಡ ಎಳಿ ಬಿಗೀತಾ ಹೋದಂಗ ಕಾಲಿನ ಜೋಡಣ್ಯಾಗ ಇದ್ದ ಎಳಿಯಷ್ಟು ಸಂದು ನನ್ನ ಕಣ್ಣ ಮುಂದೇ ಮುಚ್ಕೊಂಡಿತು, ಬಾಗಿದ್ದ ಪಟ್ಟಿ ನೆಟ್ಟಗಾತು. ನಮ್ಮವ್ವ ಬಂದು ಕುಂತು ನಡುವ ಕೈ ಒತ್ತಿ ನೋಡಿ "ಇನ್ನೊಂದು ಜರಾ ಬಿಗೀರಿ" ಅಂದ್ಳು, ಬಿಗದ್ವಿ.

ಮಳಿಗ್ಯಾಲದಾಗ ಹೆಂಗ ನಡ್ಕೊಂಡಿತು ಅನ್ನೋದು ಬರೀಬೇಕಂತೇ ಇಷ್ಟು ದಿನ ತಡದಿದ್ದೆ. ನಾರಿನ ಹಗ್ಗ ಒದ್ದಿ ಆದ್ರ ಗಿಡ್ಡ ಆಗ್ತದ, ಒಣಗಿದ್ರ ಸಡಲ. ಕಟಗಿನೂ ತೇವಕ್ಕ ಹಿಗ್ತದ. ಎರಡೂ ಕೂಡಿ ಮಳಿಗ್ಯಾಲದಾಗ ಹೊರಸು ಭಾಳ ಬಿಗಿ ಆಗ್ತದ, ಹಂಗಾಗಿ ಮಳಿ ಶುರು ಆದ ಕೂಡ್ಲೇ ಬಿಗಿಯೋ ಹಗ್ಗ ಜರಾ ಬಿಟ್ಟೆ, ದೀಪಾವಳಿ ಮುಂದ ಗಾಳಿ ಒಣಗಿದ ಮ್ಯಾಲ ಮತ್ತ ಜಗ್ಗಿದೆ. ಜೋಡಣಿ ಎಂಟೂ ಗಟ್ಟಿ ಅವ, ಭುಜದ ಹತ್ರ ಪೋಸ್ಟ್‌ಕಾರ್ಡ್ ಹೋಗಂಗಿಲ್ಲ. ಹೊರಸು ಮಳ್ಯಾಗ ಬಿಡಬಾರ್ದು, ಮತ್ತ ಶಹಾಬಾದ್ ಕಲ್ಲು ತೊಳಿಯೋವಾಗ ಕಾಲಿನ ಬುಡ ನೀರು ಕುಡೀತಾವ, ಅಡ್ಡ ಕೊಯ್ದ ಬುಡದಿಂದಲೇ ಕಟಗಿ ನೀರು ಜಾಸ್ತಿ ಎಳಿಯೋದು. ಬುಡಕ್ಕ ಎಣ್ಣಿ ನಾಕೈದು ಸಲ ಕುಡಿಸಿ, ಹಳಿ ಟ್ಯೂಬಿನ ರಬ್ಬರ್ ತುಂಡು ಹಚ್ಚೀನಿ.

ಎರಡನೇ ಹೊರಸು ಬೇವಿಂದು ಮಾಡ್ಬೇಕಂತ ಅದ. ಮಾವನ ಹೊಲದಾಗ ಗಾಳಿ-ಮಳಿಗಿ ಬಿದ್ದ ಬೇವಿನ ಬೊಡ್ಡಿ ಸಾ ಮಿಲ್ಲಿನ್ಯಾಗ ಮೂರು ಇಂಚು ದಪ್ಪ ಕೊಯ್ಸಿ ತಂದೀನಿ. ಬೇವಿನ ಎಳಿ ಆ ಕಡಿ ಈ ಕಡಿ ಹೆಣಕೊಂಡಿರ್ತದ, ರಂದಾಕ್ಕ ಸಾಗವಾನಿಯಷ್ಟು ಸಲೀಸಾಗಿ ಬರಂಗಿಲ್ಲ, ಆದ್ರ ಹುಳಕ್ಕ ಜಗ್ಗಂಗಿಲ್ಲ. ಹಸಿ ಕಟಗಿ ನಮ್ಮ ಬಿಸಲಿಗಿ ಬಿಟ್ರ ತುದಿ ಒಣಗಿ ಸೀಳು ಬಿಡ್ತದ, ಅದಕ್ಕ ತಂದ ದಿನಾನೇ ಎರಡೂ ತುದಿಗಿ ದಪ್ಪ ಪೇಂಟ್ ಬಳದು, ಉತ್ತರ ಗ್ವಾಡಿ ಮಗ್ಗಲ ನೆಳ್ಳಿಗಿ, ನೆಲದಿಂದ ಒಂದು ಅಡಿ ಎತ್ತರಕ್ಕ, ಹಲಿಗಿ ಹಲಿಗಿ ನಡುವ ಒಂದು ಇಂಚಿನ ಒಣ ಕಡ್ಡಿ ಎರಡೆರಡು ಅಡಿಗಿ ಒಂದು ಇಟ್ಟು, ಕಡ್ಡಿ ಎಲ್ಲಾ ಒಂದರ ಮ್ಯಾಲೊಂದು ನೇರ ಬರಂಗ ಪೇರ್ಸಿ, ಮ್ಯಾಲ ಕಲ್ಲು ಹೇರೀನಿ. ಒಂದು ಇಂಚು ದಪ್ಪಕ್ಕ ಒಂದು ವರ್ಷ ಅನ್ನೋದು ಹಳಿ ಲೆಕ್ಕ, ನಮ್ಮ ಒಣ ಹವಾದಾಗ ಜರಾ ಜಲ್ದಿ ಆಗ್ಬಹುದು. ಲೆಕ್ಕಕ್ಕಿಂತ ತೂಕದ ಮ್ಯಾಲ ನನ್ನ ನಂಬಿಕಿ ಹೆಚ್ಚು. ಅದೇ ಹಲಿಗಿಯ ಒಂದು ತುಂಡು, ತುದಿಗಿ ಪೇಂಟ್ ಬಳದು, ಪೇರಿನ ನಡುವೇ ಇಟ್ಟೀನಿ, ತಿಂಗಳಿಗೊಮ್ಮಿ ಅಡಗಿ ಮನಿ ತಕ್ಕಡ್ಯಾಗ ತೂಗಿ ಅದ್ರ ಮೈ ಮ್ಯಾಲೇ ತಾರೀಖು, ಗ್ರಾಂ ಬರೀತೀನಿ. ತೂಕ ಇಳಿಯೋದು ನಿಂತ ಮ್ಯಾಲೇ ರಂದಾ ಹಚ್ಚೋದು.